ಸಿದ್ಧ ಚಿತ್ರಗಳಿಂದ ಸ್ವಂತ ಗೇಮ್

2023ರ ಬಾಫ್ಟಾ ಗೇಮ್ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಗೇಮ್ ಎನಿಸಿಕೊಂಡದ್ದು ‘ವ್ಯಾಂಪೈರ್ ಸರ್ವೈವರ್ಸ್’. ‘ಎಲ್ಡನ್ ರಿಂಗ್’, ‘ಗಾಡ್ ಆಫ್ ವಾರ್: ರಾಗ್ನರಾಕ್’ನಂಥ ಭಾರೀ ಬಜೆಟ್ಟಿನ ಗೇಮ್‌ಗಳು ಅದರೊಂದಿಗೆ ಸ್ಪರ್ಧೆಯಲ್ಲಿದ್ದವು. ಗೆದ್ದ ಗೇಮನ್ನು ಶುರು ಮಾಡಿದ್ದು ಲುಕಾ ಗಲಾಂಟೆ ಎಂಬ ಒಬ್ಬ ಪ್ರೋಗ್ರಾಮರ್. ಚಿತ್ರ ಬರೆಯುವುದು ಅವರ ಕಸುಬಲ್ಲ. ಮೊದಲೇ ದುಡ್ಡು ಕೊಟ್ಟು ಕೊಂಡಿಟ್ಟುಕೊಂಡಿದ್ದ ಪಿಕ್ಸೆಲ್ ಚಿತ್ರಗಳನ್ನೇ ಬಳಸಿ ಆಟ ಕಟ್ಟಿದರು, 2021ರ ಡಿಸೆಂಬರಿನಲ್ಲಿ ಆನ್‌ಲೈನ್ ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿ ಮೂರು ಡಾಲರಿಗೆ ಮಾರಾಟಕ್ಕಿಟ್ಟರು.

ಗೇಮ್ ಮಾಡಬೇಕೆಂಬ ಆಸೆಯಿದ್ದೂ ‘ನನಗೆ ಡ್ರಾಯಿಂಗ್ ಬರೋದಿಲ್ಲ’ ಎಂದು ಕೈಕಟ್ಟಿ ಕೂತವರು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರಿಗಾಗಿ ಈ ಲೇಖನ. ಸಿದ್ಧ ಚಿತ್ರ, ಸಿದ್ಧ ಎಫೆಕ್ಟ್ ಬಳಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪಬ್‌ಜಿಯ ಮೇಲೂ ‘ಅಂಗಡಿಯಿಂದ ತಂದ ಸಾಮಾನಿನ ಗೇಮ್’ ಎಂಬ ಆಪಾದನೆ ಬಂದಿತ್ತು. ಸಣ್ಣ ತಂಡ ಕೆಲಸ ಶುರು ಮಾಡಬೇಕಾದರೆ ಹಾಗೆ ಕೊಳ್ಳುವುದೇ ಜಾಣತನ ಎಂದು ಅದನ್ನು ಮಾಡಿದ ಕಂಪನಿ 2018ರಲ್ಲಿ ಬಹಿರಂಗವಾಗಿಯೇ ಉತ್ತರ ಕೊಟ್ಟಿತು. ಕೊಂಡ ಪ್ರಾಜೆಕ್ಟಿಗೆ ಹೆಸರು ಮಾತ್ರ ಬದಲಿಸಿ ಮಾರುವ ‘ಅಸೆಟ್ ಫ್ಲಿಪ್’ ದಂಧೆ ಬೇರೆ. ಅದಕ್ಕೆ ಕೆಟ್ಟ ಹೆಸರು ಬಂದದ್ದು ನ್ಯಾಯವೇ.

ಚಿತ್ರಗಳು ಸಿಗುವ ಜಾಗಗಳಿಗೆ ಬರವಿಲ್ಲ. ಯೂನಿಟಿ ಗೇಮ್ ಎಂಜಿನ್ನಿನ ಅಸೆಟ್ ಸ್ಟೋರ್ 2010ರಿಂದ ಇದೆ. ಎಪಿಕ್ ಕಂಪನಿ ತನ್ನ ಹಳೆಯ ಮಾರುಕಟ್ಟೆಗಳನ್ನು ಒಂದುಗೂಡಿಸಿ 2024ರಲ್ಲಿ ‘ಫ್ಯಾಬ್’ ತೆರೆಯಿತು. ಇಚ್.ಐಒ, ಓಪನ್‌ಗೇಮ್‌ಆರ್ಟ್ ಇವೆ. ಇವೆಲ್ಲಕ್ಕಿಂತ ನನಗೆ ಹೆಚ್ಚು ಗೌರವವಿರುವುದು ನೆದರ್ಲೆಂಡ್ಸ್‌ನ ಕೆನ್ನಿ ಅವರ ಸಂಗ್ರಹದ ಮೇಲೆ. ಹತ್ತಾರು ಸಾವಿರ ಚಿತ್ರ, ಮಾಡೆಲ್, ಶಬ್ದಗಳನ್ನು ಅವರು ಸಿಸಿ0 ಎಂಬ ಮುಕ್ತ ಲೈಸೆನ್ಸಿನ ಅಡಿಯಲ್ಲಿ ಬಿಟ್ಟಿದ್ದಾರೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಅದರಿಂದ ದುಡಿಯಬಹುದು. ಹೆಸರು ಹಾಕಬೇಕೆಂಬ ಕಟ್ಟಳೆಯೂ ಇಲ್ಲ.

ಎಲ್ಲರೂ ಇಷ್ಟು ಉದಾರಿಗಳಲ್ಲ. ಆದ್ದರಿಂದ ಚಿತ್ರ ಚೆಂದವಿದೆಯೇ ಎಂದು ನೋಡುವ ಮೊದಲು ಲೈಸೆನ್ಸ್ ಓದಬೇಕು. ಸಿಸಿ-ಬಿವೈ ಎಂದಿದ್ದರೆ ಕಲಾವಿದರ ಹೆಸರು ಹಾಕಲೇಬೇಕು. ಎನ್‌ಸಿ ಎಂಬ ಎರಡಕ್ಷರ ಸೇರಿಕೊಂಡಿದ್ದರೆ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಗೇಮ್ ಉಚಿತವಾಗಿದ್ದು ಜಾಹೀರಾತಿನಿಂದ ದುಡ್ಡು ಬರುತ್ತಿದ್ದರೂ ಅಪಾಯವೇ. ಎಸ್‌ಎ ಇದ್ದರೆ ನೀವು ತಿದ್ದಿದ ಚಿತ್ರವನ್ನು ಹಂಚುವಾಗ ಅದೇ ಷರತ್ತನ್ನು ಮುಂದುವರಿಸಬೇಕು. ದುಡ್ಡು ಕೊಟ್ಟು ಕೊಂಡ ಚಿತ್ರಗಳ ಪ್ಯಾಕನ್ನು ಸಾಮಾನ್ಯವಾಗಿ ಗೇಮಿನೊಳಗೆ ಸೇರಿಸಿ ಮಾರಬಹುದು. ಆದರೆ ಅದರ ಮೂಲ ಫೈಲುಗಳನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಡುವಂತಿಲ್ಲ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಯಾವ ಚಿತ್ರ ಎಲ್ಲಿಂದ ಬಂತು, ಯಾರದು, ಯಾವ ಲೈಸೆನ್ಸ್ ಎಂದು ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಬರೆದಿಡಿ. ಗೇಮ್ ಮುಗಿದ ಮೇಲೆ ಹುಡುಕಲು ಹೊರಟರೆ ಅರ್ಧದಷ್ಟರ ಮೂಲ ಸಿಗುವುದಿಲ್ಲ.

ಇನ್ನು ಕಣ್ಣಿನ ಕೆಲಸ. ಒಂದು ಪ್ಯಾಕಿನಿಂದ ನಾಯಕ, ಇನ್ನೊಂದರಿಂದ ಮರ, ಮತ್ತೊಂದರಿಂದ ಮನೆ ತಂದು ಜೋಡಿಸಿದರೆ ಆಟ ಶ್ರುತಿ ಸೇರದ ಆರ್ಕೆಸ್ಟ್ರಾದಂತೆ ಕಿರಿಕಿರಿ ಮಾಡುತ್ತದೆ. ಕಾರಣ ಹೆಚ್ಚಾಗಿ ಅಳತೆಯಲ್ಲಿರುತ್ತದೆ. ನಾಯಕನ ಚಿತ್ರ 16 ಪಿಕ್ಸೆಲ್ ಚೌಕದಲ್ಲಿದೆ, ಮರವನ್ನು 32ರ ಲೆಕ್ಕದಲ್ಲಿ ಬರೆದಿದ್ದಾರೆ ಎನ್ನೋಣ. ಎರಡನ್ನೂ ಸರಿದೂಗಿಸಲು ನಾಯಕನನ್ನು ಎರಡುಪಟ್ಟು ಹಿಗ್ಗಿಸಿದಿರಿ. ಈಗ ಅವನ ಒಂದೊಂದು ಚುಕ್ಕೆಯೂ ಮರದ ನಾಲ್ಕು ಚುಕ್ಕೆಗಳಷ್ಟು ಜಾಗ ಹಿಡಿಯುತ್ತದೆ. ತಪ್ಪೇನೆಂದು ಆಡುವವರಿಗೆ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಎಂಬುದು ತಕ್ಷಣ ಗೊತ್ತಾಗುತ್ತದೆ. ಬೆಳಕು ಒಂದರಲ್ಲಿ ಎಡದಿಂದ, ಇನ್ನೊಂದರಲ್ಲಿ ಬಲದಿಂದ ಬಿದ್ದಿದ್ದರೂ, ಒಂದಕ್ಕೆ ಕಪ್ಪು ಅಂಚಿದ್ದು ಇನ್ನೊಂದಕ್ಕೆ ಇಲ್ಲದಿದ್ದರೂ ಇದೇ ಪಾಡು.

ಅಳತೆ ಹೊಂದದ ಪ್ಯಾಕನ್ನು ಬಿಟ್ಟುಬಿಡುವುದೇ ಮೇಲು. ಬಣ್ಣವನ್ನಾದರೆ ತಿದ್ದಬಹುದು. 16 ಅಥವಾ 32 ಬಣ್ಣಗಳ ಒಂದೇ ಪ್ಯಾಲೆಟ್ ಆರಿಸಿಕೊಂಡು, ತಂದ ಎಲ್ಲ ಚಿತ್ರಗಳನ್ನೂ ಅದಕ್ಕೇ ಇಳಿಸಿ. ಬೇರೆ ಬೇರೆ ಕೈಗಳ ಚಿತ್ರಗಳು ಒಂದೇ ಊರಿನವರಾಗುವುದನ್ನು ಕಣ್ಣಾರೆ ನೋಡಬಹುದು. ಬಣ್ಣಕ್ಕೆ ಅಷ್ಟು ಶಕ್ತಿಯಿದೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನ ಮೋಡ ಮತ್ತು ಪೊದೆ ಒಂದೇ ಚಿತ್ರ, ಬಿಳಿ ಹಚ್ಚಿದರೆ ಮೋಡ, ಹಸಿರು ಹಚ್ಚಿದರೆ ಪೊದೆ. ಕೋಟ್ಯಂತರ ಜನ ಅದನ್ನು ಗಮನಿಸದೆ ಆಡಿದರು.

ಎಫೆಕ್ಟ್‌ಗಳ ವಿಷಯಕ್ಕೆ ಬಂದರೆ ಆಸೆಬುರುಕತನವೇ ದೊಡ್ಡ ಶತ್ರು. ಬೆಂಕಿ, ಹೊಗೆ, ಕಿಡಿಗಳನ್ನು ಸಾವಿರಾರು ಸಣ್ಣ ಕಣಗಳಿಂದ ಮೂಡಿಸುವ ವಿದ್ಯೆ 1982ರ ‘ಸ್ಟಾರ್ ಟ್ರೆಕ್ 2’ ಸಿನಿಮಾದಲ್ಲಿ ಬಳಕೆಯಾಯಿತು. ಅದನ್ನು ರೂಪಿಸಿದ ವಿಲಿಯಂ ರೀವ್ಸ್ ಮರುವರ್ಷ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇಂದು ಅದೇ ವಿದ್ಯೆ ಪ್ಯಾಕ್‌ಗಳಲ್ಲಿ ಕಟ್ಟಿಟ್ಟು ಸಿಗುತ್ತದೆ. ಆದರೆ ಮಾರಾಟದ ವಿಡಿಯೊದಲ್ಲಿ ಮೆರೆಯಲೆಂದು ಮಾಡಿದ ಸ್ಫೋಟ ಎರಡು ಸೆಕೆಂಡು ಪರದೆ ತುಂಬಿಕೊಂಡಿರುತ್ತದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಶತ್ರು ಆಟಗಾರನನ್ನು ಮುಗಿಸಿರುತ್ತಾನೆ. ಸ್ಫೋಟವನ್ನು ಬಿಚ್ಚಿ ನೋಡಿದರೆ ನಾಲ್ಕು ಪದರ ಕಾಣುತ್ತದೆ: ಒಂದೆರಡು ಫ್ರೇಮಿನ ಬಿಳಿ ಮಿಂಚು, ಹೊರಕ್ಕೆ ಹರಡುವ ಉಂಗುರ, ಚಿಮ್ಮುವ ಕಿಡಿ, ತಡವಾಗಿ ಕರಗುವ ಹೊಗೆ. ಮಿಂಚನ್ನೂ ಕಿಡಿಯನ್ನೂ ಉಳಿಸಿಕೊಂಡು ಹೊಗೆಯನ್ನು ಕಡಿದರೆ ಏಟಿನ ಖಾರ ಕಡಿಮೆಯಾಗದು, ದಾರಿಯೂ ಕಾಣುತ್ತದೆ. ಫೋನಿಗೂ ಉಸಿರಾಡಲು ಬಿಡುವು ಸಿಗುತ್ತದೆ, ಏಕೆಂದರೆ ಒಂದರ ಮೇಲೊಂದು ಬಿದ್ದ ಹೊಗೆಯ ಪದರಗಳಿಗಾಗಿ ಅದು ಒಂದೇ ಪಿಕ್ಸೆಲ್ಲಿಗೆ ಹತ್ತಾರು ಸಲ ಬಣ್ಣ ಬಳಿಯಬೇಕು. ಶತ್ರುವಿನ ಗುಂಡಿಗೂ ನಿಮ್ಮ ಗುಂಡಿಗೂ ಒಂದೇ ಬಣ್ಣದ ಎಫೆಕ್ಟ್ ಹಾಕಲೇಬೇಡಿ.

ಮೆಮೊರಿಯ ಲೆಕ್ಕವೂ ಗೊತ್ತಿರಲಿ. 2048 ಪಿಕ್ಸೆಲ್ ಚೌಕದ ಒಂದು ಟೆಕ್ಸ್ಚರ್ ಕುಗ್ಗಿಸದೆ ಹಾಗೇ ಇದ್ದರೆ 16 ಎಂಬಿ ಮೆಮೊರಿ ತಿನ್ನುತ್ತದೆ. ಫೋನುಗಳಲ್ಲಿ ಹೆಚ್ಚಾಗಿ ಬಳಸುವ ಎಎಸ್‌ಟಿಸಿ ಕಂಪ್ರೆಷನ್‌ನಲ್ಲಿ ಅದೇ ಚಿತ್ರವನ್ನು ಸುಮಾರು 2 ಎಂಬಿಗೆ ಇಳಿಸಬಹುದು. ಮೂಲೆಯಲ್ಲಿ ಬಿದ್ದಿರುವ ಮಡಕೆಗೆ 2048 ಬೇಕಾಗಿಯೇ ಇಲ್ಲ, 256 ಸಾಕು.

ಕನ್ನಡದಲ್ಲಿ ಗೇಮ್ ಮಾಡುವವರಿಗೆ ಇನ್ನೊಂದು ತೊಡಕಿದೆ. ಪ್ಯಾಕಿನೊಂದಿಗೆ ಬರುವ ಚೆಂದದ ಫಾಂಟಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುತ್ತವೆ. ನೋಟೊ ಸಾನ್ಸ್ ಕನ್ನಡ, ‘ಬಾಲೂ ತಮ್ಮ’ದಂಥ ಮುಕ್ತ ಫಾಂಟ್‌ಗಳನ್ನು ಹಾಕಿಕೊಂಡರೂ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್‌ಪ್ರೊದಲ್ಲಿ ಒತ್ತಕ್ಷರ ಕೂಡುವುದಿಲ್ಲ. ‘ಅಕ್ಕ’ ಎಂದು ಬರೆದರೆ ‘ಅಕ್‌ಕ’ ಎಂದು ಒಡೆದು ಕಾಣುತ್ತದೆ. 2023ರಲ್ಲಿ ಬಂದ ಗೋಡೊ 4 ಎಂಜಿನ್ನಿನಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಸೇರಿಕೊಂಡಿರುವುದರಿಂದ ಈ ತಾಪತ್ರಯವಿಲ್ಲ. ಕನ್ನಡದ ಗೇಮಿಗೆ ಎಂಜಿನ್ ಆರಿಸುವಾಗ ಇದೊಂದನ್ನೇ ಮೊದಲು ಪರೀಕ್ಷಿಸಿ ಎಂದು ನಾನು ಹೇಳುತ್ತೇನೆ.

ಇಷ್ಟೆಲ್ಲ ಸಿಕ್ಕರೂ ಸಿಗದೇ ಇರುವುದು ನಮ್ಮ ಊರು. ಯುರೋಪಿನ ಕೋಟೆ, ಜಪಾನಿನ ಚೆರ್ರಿ ಮರಗಳಿಗೆ ಲೆಕ್ಕವಿಲ್ಲ. ಮಲೆನಾಡಿನ ಹೆಂಚಿನ ಮನೆ, ಅಡಕೆ ತೋಟ, ಬಯಲುಸೀಮೆಯ ಕಲ್ಲುಚಪ್ಪಡಿಯ ಗೋಡೆ, ಹೊಯ್ಸಳರ ನಕ್ಷತ್ರಾಕಾರದ ಜಗತಿ ಹುಡುಕಿದರೆ ನಿರಾಸೆಯೇ ಹೆಚ್ಚು. ಬೇಡಿಕೆ ಇಲ್ಲವೆನ್ನುವಂತಿಲ್ಲ. ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಗೇಮಿನಲ್ಲಿ ಬಸ್ಸಿಗೆ ನಮ್ಮದೇ ಬಣ್ಣ ಹಚ್ಚಿಕೊಳ್ಳುವ ಅವಕಾಶವಿದೆ. ನಮ್ಮ ಹುಡುಗರು ಅದರಲ್ಲಿ ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಓಡಿಸುತ್ತಿದ್ದಾರೆ. ಪರದೇಶದ ಗೇಮಿನೊಳಗೆ ತಮ್ಮೂರಿನ ಬಸ್ಸು ಕಾಣಲೆಂದು ಅಷ್ಟು ಶ್ರಮ ಪಡುವ ಹುಡುಗರಿಗೆ ನಾವು ಇನ್ನಷ್ಟು ಒದಗಿಸಬೇಕು.

ನಮ್ಮ ಚಿತ್ರಕಲಾ ಕಾಲೇಜುಗಳಲ್ಲಿ, ಅನಿಮೇಷನ್ ಕೋರ್ಸುಗಳಲ್ಲಿ ಪ್ರತಿವರ್ಷ ವಿದ್ಯಾರ್ಥಿಗಳು ಮಾಡೆಲ್‌ಗಳನ್ನು ಮಾಡುತ್ತಾರೆ. ಮೌಲ್ಯಮಾಪನ ಮುಗಿದ ಮೇಲೆ ಅವು ಹಾರ್ಡ್‌ಡಿಸ್ಕಿನಲ್ಲೇ ಉಳಿಯುತ್ತವೆ. ಪ್ರಾಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ವಿದ್ಯಾರ್ಥಿಗಳು ಒಪ್ಪಿದರೆ ಅವರ ಹೆಸರಿನಲ್ಲೇ, ಸಿಸಿ0 ಅಥವಾ ಸಿಸಿ-ಬಿವೈ ಅಡಿಯಲ್ಲಿ ಅವನ್ನು ಪ್ರಕಟಿಸಿ. ಈ ವರ್ಷ ಒಂದು ಹೆಂಚಿನ ಮನೆಯಿಂದ ಶುರುವಾಗಲಿ.