ಕಡಲ ಮೀನು ಅಲೆಯ ಆಚೆಗೇ ಇರುತ್ತದೆಯೇ?

ದಾವಣಗೆರೆ, ಹರಿಹರದ ಕಡೆಯವರು ಗಾಳ ಹಿಡಿದು ಹೊನ್ನಾವರ, ಮುರ್ಡೇಶ್ವರದ ದಡಕ್ಕೆ ಮೊದಲ ಸಲ ಹೋಗುವಾಗ ಒಂದು ನಂಬಿಕೆಯನ್ನೂ ಜೊತೆಗೆ ಒಯ್ಯುತ್ತಾರೆ: ಕಡಲ ಮೀನು ದೂರದಲ್ಲಿರುತ್ತದೆ, ಹೆಚ್ಚು ದೂರ ಎಸೆದವನಿಗೇ ಅದು ದಕ್ಕುತ್ತದೆ. ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಬಯಲುಸೀಮೆಯವರು ಬಂಗುಡೆ, ಅಂಜಲ್ ನೋಡುವುದು ಐಸ್ ಪೆಟ್ಟಿಗೆಯಲ್ಲಿ. ಅವನ್ನು ತಂದದ್ದು ಬೋಟು, ಬೋಟು ಹೋಗಿದ್ದು ಕಡಲೊಳಗೆ. ಹಾಗಾದರೆ ದಡದ ನೀರಿನಲ್ಲಿ ಏನಿದ್ದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ದಡದಲ್ಲಿ ನಿಂತು ಗಾಳ ಹಾಕುವವನಿಗೆ ಬೇಕಾದ ಮೀನು ಬಹಳ ಸಲ ಅವನ ಕಣ್ಣೆದುರಿನ ನೊರೆಯ ಕೆಳಗೇ ಮೇಯುತ್ತಿರುತ್ತದೆ.

ಇದಕ್ಕೆ ನಮ್ಮ ಕರಾವಳಿಯ ಇತಿಹಾಸವೇ ಸಾಕ್ಷಿ. 1970ರ ದಶಕದಲ್ಲಿ, ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬರುವವರೆಗೂ ಬಂಗುಡೆ, ಬೂತಾಯಿಯ ದೊಡ್ಡ ಪಾಲು ಸಿಗುತ್ತಿದ್ದದ್ದು ರಂಪಣಿ ಬಲೆಗೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಅದರ ಎರಡೂ ತುದಿಗಳನ್ನು ಹತ್ತಾರು ಜನ ಮರಳಿನ ಮೇಲೆ ನಿಂತೇ ಎಳೆಯುತ್ತಿದ್ದರು. ಮೀನಿನ ಹಿಂಡು ದಡದತ್ತ ಬಾರದಿದ್ದರೆ ಆ ಕಸುಬು ನಡೆಯುತ್ತಲೇ ಇರಲಿಲ್ಲ. ರಂಪಣಿ ಬಲೆ ಗಾಳಕ್ಕಿಂತ ಎಷ್ಟೋ ದೂರ ಹೋಗುತ್ತಿತ್ತಲ್ಲ ಎಂದು ಕೇಳಬಹುದು, ಅದು ನಿಜವೇ. ಹಾಗಿದ್ದರೆ ಬೀಸುಬಲೆಯವರನ್ನು ನೋಡಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಲೆ ಬೀಸುವ ಅವರು ಬರಿಗೈಯಲ್ಲಿ ಮರಳುವವರಾಗಿದ್ದರೆ ಆ ಬಲೆ ಎಂದೋ ಮೂಲೆ ಸೇರುತ್ತಿತ್ತು. ಕರಾವಳಿಯವರು ಮೆಚ್ಚಿ ತಿನ್ನುವ ಕಾಣೆ ಮೀನಂತೂ ಮರಳು ನೆಲದ, ಆಳವಿಲ್ಲದ ನೀರಿನ ಮೀನು. ಹುಳು, ಸಣ್ಣ ಸಿಗಡಿಗಳನ್ನು ಹುಡುಕುತ್ತ ಅಳಿವೆಯ ಒಳಗೂ ಬರುತ್ತದೆ. ಅಲೆ ಮರಳನ್ನು ಕದಡಿದಷ್ಟೂ ಅದರ ಆಹಾರ ಮೇಲೇಳುತ್ತದೆ.

ಹಾಗಾಗಿ ಎಷ್ಟು ದೂರ ಎಸೆಯಬೇಕು ಎಂಬುದಕ್ಕಿಂತ ಎಲ್ಲಿ ಎಸೆಯಬೇಕು ಎಂಬುದೇ ಮುಖ್ಯ. ಅದನ್ನು ಅಲೆಯೇ ತೋರಿಸಿಕೊಡುತ್ತದೆ. ನೀರಿನ ಆಳ ತನ್ನ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಒಂದು ಮೀಟರ್ ಎತ್ತರದ ಅಲೆ ಒಡೆಯುವ ಕಡೆ ನೀರು ಹೆಚ್ಚುಕಡಿಮೆ ಎದೆಮಟ್ಟ. ದೂರದಲ್ಲಿ ಬಿಳಿ ಗೆರೆಯಾಗಿ ಒಡೆದ ಅಲೆ ಮತ್ತೆ ತಗ್ಗಿ, ದಡದ ಹತ್ತಿರ ಇನ್ನೊಮ್ಮೆ ಒಡೆದರೆ ಮೊದಲ ಗೆರೆಯ ಕೆಳಗೆ ಮರಳಿನ ದಿಬ್ಬವಿದೆ, ಎರಡರ ನಡುವೆ ತಗ್ಗಿದೆ ಎಂದರ್ಥ. ಕೊಚ್ಚಿ ಬಂದ ಆಹಾರ ನಿಲ್ಲುವುದು ಆ ತಗ್ಗಿನಲ್ಲಿ, ಮೀನು ಓಡಾಡುವುದೂ ಅಲ್ಲೇ. ಬಲವೆಲ್ಲ ಹಾಕಿ ಎಸೆದವನ ಗಾಳ ಅದನ್ನು ದಾಟಿ ದಿಬ್ಬದ ಮೇಲೆ ಬಿದ್ದಿರುತ್ತದೆ. ಹರಿಹರದಲ್ಲಿ ತುಂಗಭದ್ರೆಗೆ ಗಾಳ ಹಾಕುವವರಿಗೆ ಈ ಲೆಕ್ಕ ಹೊಸದಲ್ಲ. ನದಿಯ ನಟ್ಟನಡುವಿಗೆ ಎಸೆಯುವುದಕ್ಕಿಂತ ಸೇತುವೆ ಕಂಬದ ಹಿಂದೆ ನೀರು ಸುತ್ತುವಲ್ಲಿ, ಬಂಡೆಯ ಬದಿಯ ಮಡುವಿನಲ್ಲಿ, ಹರಿದ್ರಾ ಬಂದು ಸೇರುವಲ್ಲಿ ಅವರ ಕಣ್ಣಿರುತ್ತದೆ. ಕಡಲ ಮುಂದೆ ನಿಂತಾಗ ಆ ಕಣ್ಣನ್ನು ಮರೆತು ತೋಳನ್ನು ನಂಬುವುದೇ ತಪ್ಪು.

ಇದಕ್ಕೆ ಆಕ್ಷೇಪಗಳೂ ಇವೆ. ಅಂಜಲ್‌ನಂಥ ದೊಡ್ಡ ಮೀನು ಸಾಮಾನ್ಯವಾಗಿ ಆಚೆಗೇ ಇರುತ್ತದಲ್ಲವೇ? ಇರುತ್ತದೆ. ಆದರೆ ಹೊಸಬ ಎಪ್ಪತ್ತು ಮೀಟರ್ ಬದಲು ನೂರು ಮೀಟರ್ ಎಸೆದ ಮಾತ್ರಕ್ಕೆ ಬೋಟು ಮುಟ್ಟುವ ನೀರು ಸಿಕ್ಕುವುದಿಲ್ಲ. ಇನ್ನು ಇಳಿಜಾರು ತೀರಾ ಕಡಿಮೆ ಇರುವ ದಡದಲ್ಲಿ, ಇಳಿತದ ಹೊತ್ತಿಗೆ ಹತ್ತಿರದ ತಗ್ಗು ಬತ್ತಿದರೆ ದೂರ ಎಸೆಯಲೇಬೇಕಾಗುತ್ತದೆ. ಇಲ್ಲವೇ ಉಬ್ಬರಕ್ಕೆ ಕಾಯಬೇಕು. ಕಾಯುವುದೇ ಮೇಲು. ಅಮಾವಾಸ್ಯೆ, ಹುಣ್ಣಿಮೆಗೆ ಮಾತ್ರ ಮೀನು ಸಿಗುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆಗ ಉಬ್ಬರವಿಳಿತದ ಅಂತರ ಹೆಚ್ಚು ನಿಜ, ಆದರೆ ನಮ್ಮ ಕರಾವಳಿಯಲ್ಲಿ ಉಬ್ಬರ ಪ್ರತಿದಿನವೂ ಎರಡು ಸಲ ಬರುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವ ಆ ಹೊತ್ತನ್ನು ನೋಡಿಕೊಂಡು ನೀರು ಏರುವಾಗ ಹೋದರೆ ಸಾಕು.

ನದಿಯ ಸಾಮಾನು ಕಡಲಿಗೂ ಸಾಕು ಎಂಬುದು ಮಾತ್ರ ನಿಜವಲ್ಲ. ದುಂಡನೆಯ ಸೀಸದ ಗುಂಡು ಮರಳಿನ ಮೇಲೆ ಉರುಳುತ್ತ ಅಲೆಯೊಂದಿಗೆ ದಡಕ್ಕೇ ಬಂದುಬಿಡುತ್ತದೆ. ಪಿರಮಿಡ್ ಆಕಾರದ್ದಾದರೆ ಮರಳಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಎರೆಹುಳ ಉಪ್ಪು ನೀರಿನಲ್ಲಿ ಬೇಗ ಸೊರಗಿಹೋಗುತ್ತದೆ, ಹಿಟ್ಟಿನ ಉಂಡೆಯನ್ನು ಅಲೆ ಕರಗಿಸುತ್ತದೆ. ಅಲ್ಲಿಯ ಸಂತೆಯಲ್ಲೇ ಸಿಗುವ ಸಿಗಡಿ, ಬಳಚಿನ ಮಾಂಸ ಕೊಂಡುಕೊಳ್ಳಿ. ಕಾಣೆಯ ಬಾಯಿ ಚಿಕ್ಕದು, ಗಾಳದ ಕೊಕ್ಕೆಯೂ ಚಿಕ್ಕದಿರಲಿ. ಮನೆಗೆ ಬಂದೊಡನೆ ರೀಲನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಅದನ್ನು ತಿಂದುಹಾಕುತ್ತದೆ.

ಕೊನೆಯ ತಪ್ಪು ಕಲ್ಪನೆ ಜೀವಕ್ಕೇ ಕುತ್ತು ತರುವಂಥದ್ದು. ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ, ಇಳಿಯಲು ಅದೇ ಸುರಕ್ಷಿತ ಜಾಗ ಎಂದು ಹೊಸಬರು ಭಾವಿಸುತ್ತಾರೆ. ದಡಕ್ಕೆ ಬಂದ ನೀರೆಲ್ಲ ಸೆಳೆತವಾಗಿ ಕಡಲಿಗೆ ಮರಳುವ ದಾರಿ ಅದೇ ಆಗಿರಬಹುದು. ಅಲ್ಲಿ ಗಾಳ ಹಾಕಿ, ಕಾಲಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಕಡೆ ಹೋಗುವುದೇ ಬೇಡ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.