ಹುಲ್ಲಿನಿಂದ ನಡೆಯುವ ಎಂಜಿನು

ಎಂಜಿನಿಯರಿಂಗ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸೇತುವೆ, ಅಣೆಕಟ್ಟು, ಕಾರ್ಖಾನೆ. ಜೀವಿಯ ಒಡಲನ್ನೂ ಯಂತ್ರದಂತೆ ಅಳೆದು, ಅರಿತು, ತಿದ್ದಬಹುದೆಂಬುದು ತೀರ ಹೊಸ ವಿಚಾರವೆಂದು ಹಲವರ ಭಾವನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂತಹ ಸಂಶೋಧನೆಗೆಂದೇ ಒಂದು ಕೇಂದ್ರ ಆರಂಭವಾದುದು 2015ರಲ್ಲಿ. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಹುಲ್ಲುಗಾವಲುಗಳಲ್ಲಿ ಈ ವಿದ್ಯೆಗೆ ಹಿರಿಯಕ್ಕನೆನ್ನಬಹುದಾದ ಕೆಲಸವೊಂದು ಬಹು ಹಿಂದಿನಿಂದಲೂ ನಡೆದುಬಂದಿದೆ. ಅದೇ ಅಮೃತಮಹಲ್ ತಳಿಯ ಸಂವರ್ಧನೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದುದು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ. ಸೈನ್ಯಕ್ಕೆ ಬೇಕಾಗಿದ್ದುದು ಹಾಲಲ್ಲ, ಫಿರಂಗಿ ಬಂಡಿಯನ್ನೆಳೆದು ದಣಿಯದ ಹೆಗಲು. ಆ ಹೆಗಲಿನ ಬಲವೆಷ್ಟು? ಲೆಕ್ಕ ಹಾಕಿ ನೋಡೋಣ.

500 ಕಿಲೋಗ್ರಾಂ ತೂಗುವ ಎತ್ತೊಂದನ್ನು ಭಾವಿಸಿಕೊಳ್ಳಿ. ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಬಲದಿಂದ ಅದು ಬಹಳ ಹೊತ್ತು ಎಳೆಯಬಲ್ಲದು. ಎಂದರೆ ಸುಮಾರು 490 ನ್ಯೂಟನ್. ಸೆಕೆಂಡಿಗೆ 0.8 ಮೀಟರ್ ನಡೆದರೆ ಅದರ ಸಾಮರ್ಥ್ಯ 392 ವಾಟ್, ಅರ್ಧ ಅಶ್ವಶಕ್ತಿಗಿಂತ ತುಸು ಹೆಚ್ಚು. ಹೀಗೆ ಒಂದು ಜೋಡಿ ಎತ್ತು ಒಂದು ಅಶ್ವಶಕ್ತಿಯ ಎಂಜಿನಿಗೆ ಸಮ.

ಆದರೆ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಕೆಲಸವಾಗುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು. ಮಿಕ್ಕ ಮೂರು ಪಾಲು ಶಾಖ. ಗಂಟೆಗೆ ಸುಮಾರು 4,200 ಕಿಲೋಜೂಲ್ ಶಾಖವನ್ನು ಮೈ ಹೊರಹಾಕಲೇಬೇಕು. ಒಂದು ಲೀಟರ್ ಬೆವರು ಆವಿಯಾಗಲು ಹೀರುವ ಶಾಖ ಸುಮಾರು 2,400 ಕಿಲೋಜೂಲ್. ಬೆವರೊಂದರಿಂದಲೇ ತಂಪಾಗಬೇಕಾದರೆ ಗಂಟೆಗೆ ಒಂದೂಮುಕ್ಕಾಲು ಲೀಟರ್ ನೀರು ಆರಬೇಕು! ಬಿಸಿಲು ನಾಡಿನ ನಮ್ಮ ಗೂಳಿಗಳ ಗಿಡ್ಡ ರೋಮ, ಸಡಿಲ ಚರ್ಮ, ಸಮೃದ್ಧ ಬೆವರುಗ್ರಂಥಿಗಳ ಮಹತ್ವ ಈಗ ತಿಳಿಯುತ್ತದೆ. ಮೋಟಾರಿಗೆ ರೇಡಿಯೇಟರ್ ಹೇಗೋ ಎತ್ತಿಗೆ ಚರ್ಮ ಹಾಗೆ.

ಇಂತಹ ಮೈಕಟ್ಟು ಒಬ್ಬರಿಂದಾದುದಲ್ಲ. ಬೇಸಗೆ, ಮಳೆ, ಚಳಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಮಂದೆಗಳು ಹೋಗುತ್ತಿದ್ದವು. ಜೊತೆಯಲ್ಲೇ ಕಾಯುವವರ ಬಾಳುವೆಯೂ ಸಾಗುತ್ತಿತ್ತು. ಯಾವ ಹಸು ಯಾವ ಹೋರಿಯ ಮಗಳು, ಯಾವ ಕರುವಿನ ನಡಿಗೆ ಚುರುಕು ಎಂಬುದನ್ನು ಬಲ್ಲ ಅವರ ಕಣ್ಣೇ ಅಂದಿನ ಪ್ರಯೋಗಶಾಲೆ.

1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಸರ್ಕಾರ ಈ ಇಲಾಖೆಯನ್ನೇ ಮುಚ್ಚಿ ಮಂದೆಗಳನ್ನು ಮಾರಿತು. ಎತ್ತುಗಳ ಅಭಾವ ತೋರಿದಾಗ 1866ರಲ್ಲಿ ಮತ್ತೆ ಸ್ಥಾಪಿಸಬೇಕಾಯಿತು. ಯಂತ್ರ ಕೆಟ್ಟರೆ ನಕ್ಷೆ ನೋಡಿ ಇನ್ನೊಂದನ್ನು ಮಾಡಬಹುದು. ತಳಿಯ ನಕ್ಷೆ ಇರುವುದು ಬದುಕಿರುವ ಒಡಲೊಳಗೇ. ಅಜ್ಜಂಪುರದಲ್ಲಿ 1929ರಲ್ಲಿ ಆರಂಭವಾದ ತಳಿ ಸಂವರ್ಧನಾ ಕೇಂದ್ರದ ಮಹತ್ವ ಇರುವುದು ಇಲ್ಲಿಯೇ.

ಇಂದು ಉಳುವುದು ಟ್ರಾಕ್ಟರು, ಎಳೆಯುವುದು ಲಾರಿ. ಹಾಲು ಕಡಿಮೆ ಕೊಡುವ ಹಸುವನ್ನು ರೈತನಾದರೂ ಏಕೆ ಸಾಕಬೇಕು? ಈ ಪ್ರಶ್ನೆ ನ್ಯಾಯವಾದದ್ದೇ. ಆ ಭಾರವನ್ನು ಅವನೊಬ್ಬನ ಮೇಲೆ ಹೊರಿಸಲಾಗದು. ವೀರ್ಯವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಕಾಪಿಡಬಹುದು, ನಿಜ. ಆದರೆ ಕಾವಲನ್ನೂ ಕಾಯುವವನ ಅರಿವನ್ನೂ ಹಾಗೆ ಹೆಪ್ಪುಗಟ್ಟಿಸಿಡಲು ಬಾರದು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವಾಯಿತು. ದನಕ್ಕೆಂದು ಉಳಿಸಿದ ಹುಲ್ಲು ಜಿಂಕೆಯನ್ನೂ ಉಳಿಸಿತು.

ಬಿಸಿಲು ಏರುತ್ತಿರುವ ಮುಂದಿನ ದಿನಗಳಲ್ಲಿ ಯಾವ ಗುಣ ನಮಗೆ ಬೇಕಾದೀತೆಂದು ಇಂದೇ ಹೇಳಬಲ್ಲವರು ಯಾರು? 1860ರ ಉಳಿತಾಯದ ಬೆಲೆಯನ್ನು ಆರೇ ವರ್ಷಗಳಲ್ಲಿ ಕಂಡ ನಾಡು ನಮ್ಮದು. ಆ ಪಾಠವನ್ನು ನಾವು ಎರಡನೆಯ ಸಲ ಕಲಿಯಬೇಕಾಗದಿರಲಿ.