ಕೂಲಿಯಲ್ಲಿ ಉಳಿತಾಯವೇ? ಏಳು ನಂಬಿಕೆ, ಏಳು ಲೆಕ್ಕ

ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ನಾಲ್ಕು ಮನೆಯ ಪಾತ್ರೆ ತಿಕ್ಕಿ ಸಂಸಾರ ತೂಗಿಸುವವರು, ವಾರದ ಬಟವಾಡೆ ನಂಬಿದ ಗಾರೆ ಕೆಲಸದವರು. ಇವರ ದುಡ್ಡಿನ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯವಿದೆ. ಕೆಲಸ ಕೊಡುವ ಮನೆಯವರಿಗೂ ಇದೆ, ಮೇಸ್ತ್ರಿಗೂ ಇದೆ, ದುಡಿಯುವವರಿಗೂ ಇದೆ. ಲೆಕ್ಕ ಹಾಕಿ ನೋಡಿದರೆ ಹಲವು ಅಭಿಪ್ರಾಯಗಳು ನಿಲ್ಲುವುದಿಲ್ಲ. ಈ ಕುಟುಂಬಗಳು ಉಳಿಸುತ್ತವೆ. ಆದರೆ ಉಳಿಸಿದ್ದು ಕೂರಬೇಕಾದ ಜಾಗದಲ್ಲಿ ಕೂರದೆ ಬಡ್ಡಿಯಾಗಿ, ಮುಳುಗಿದ ಚೀಟಿಯಾಗಿ, ಅರ್ಧಕ್ಕೇ ತೆಗೆದ ಪಿಎಫ್ ಆಗಿ ಕೈಬಿಡುತ್ತದೆ.

ತಪ್ಪು ಕಲ್ಪನೆ 1: "ಬಡವರ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ."

ಸತ್ಯ: ಈ ಮಾತಿಗೆ ಉಡುಪಿ ಸುಮಾರು ನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟಿದೆ. ಅಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನವೂ ಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಬ್ಯಾಂಕ್ ಬೆಳೆದದ್ದೇ ಇಂಥ ಚಿಲ್ಲರೆಯಿಂದ.

ಬಡವರ ಹಣಕಾಸನ್ನು ಅಧ್ಯಯನ ಮಾಡಿದ ಸ್ಟುವರ್ಟ್ ರುದರ್‌ಫೋರ್ಡ್ ವಿಜಯವಾಡದ ಕೊಳೆಗೇರಿಯ ಲೆಕ್ಕವೊಂದನ್ನು ದಾಖಲಿಸಿದ್ದಾರೆ. ಅಲ್ಲಿನ ಹೆಂಗಸರು ದಿನಕ್ಕೆ 5 ರೂಪಾಯಿಯಂತೆ 220 ದಿನ, ಅಂದರೆ 1,100 ರೂಪಾಯಿ ಕಟ್ಟಿ, 1,000 ರೂಪಾಯಿ ವಾಪಸ್ ಪಡೆಯುತ್ತಿದ್ದರು. ಉಳಿದ ನೂರು, ದಿನಾ ಬಂದು ವಸೂಲಿ ಮಾಡುವವಳ ಕೂಲಿ. ಬಡ್ಡಿ ಬರುವುದಿರಲಿ, ಕೈಯಿಂದ ಕೊಟ್ಟಾದರೂ ಉಳಿಸುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ದುಡ್ಡು ಬಂದ ದಿನವೇ ಅದನ್ನು ಮನೆಯಿಂದಾಚೆ ಇಡುವ ದಾರಿ.

ಈಗ ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರು. ತಿಂಗಳಿಗೆ 500ರಂತೆ ಐದು ವರ್ಷ ಕಟ್ಟಿದರೆ 30,000 ಆಗುತ್ತದೆ. ಶೇ. 6.7ರ ಬಡ್ಡಿಯಲ್ಲಿ ಕೈಗೆ ಬರುವುದು ಸುಮಾರು 35,700.

ತಪ್ಪು ಕಲ್ಪನೆ 2: "ಬ್ಯಾಂಕಿನಲ್ಲಿ ಇಟ್ಟರೆ ಮಿನಿಮಮ್ ಬ್ಯಾಲೆನ್ಸ್ ಅಂತ ಮುರಿದುಕೊಳ್ಳುತ್ತಾರೆ."

ಸತ್ಯ: 2014ರ ಆಗಸ್ಟ್‌ನಲ್ಲಿ ಶುರುವಾದ ಜನಧನ್ ಖಾತೆಗೂ, ಎಲ್ಲ ಬ್ಯಾಂಕುಗಳಲ್ಲಿರುವ ಮೂಲ ಉಳಿತಾಯ ಖಾತೆಗೂ ಕನಿಷ್ಠ ಮೊತ್ತದ ಷರತ್ತಿಲ್ಲ. ದಂಡ ಬೀಳುವುದು ಬೇರೆ ಬಗೆಯ ಖಾತೆಗಳಲ್ಲಿ. ಕಂಪನಿ ತೆರೆದುಕೊಟ್ಟ ಸಂಬಳದ ಖಾತೆ ಕೆಲಸ ಬಿಟ್ಟ ಮೇಲೆ ಸಾಮಾನ್ಯ ಖಾತೆಯಾಗಿ ಬದಲಾಗುವುದುಂಟು. ಹಾಗಾದಾಗ ಶಾಖೆಗೆ ಹೋಗಿ ಅದನ್ನು ಮೂಲ ಉಳಿತಾಯ ಖಾತೆಗೆ ಬದಲಿಸಿ ಎಂದು ಬರೆದುಕೊಡಬಹುದು.

ಇನ್ನೊಂದು ವ್ಯತ್ಯಾಸವೂ ತಿಳಿದಿರಬೇಕು. ಬ್ಯಾಂಕ್ ಮುಳುಗಿದರೂ ಒಬ್ಬರ 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದು ಅನ್ವಯ. ಪತ್ತಿನ ಸಹಕಾರ ಸಂಘಕ್ಕೆ ಈ ರಕ್ಷಣೆ ಇಲ್ಲ. ಬೋರ್ಡಿನಲ್ಲಿ 'ಬ್ಯಾಂಕ್' ಎಂದಿದೆಯೋ 'ಸೊಸೈಟಿ' ಎಂದಿದೆಯೋ ನೋಡಿಯೇ ಹೆಚ್ಚು ಬಡ್ಡಿಯ ಆಸೆಗೆ ಹೋಗಬೇಕು.

ತಪ್ಪು ಕಲ್ಪನೆ 3: "ಚೀಟಿ ಅಂದರೆ ಮೋಸವೇ."

ಸತ್ಯ: ಚೀಟಿ ವ್ಯವಹಾರಕ್ಕೆ 1982ರ ಕೇಂದ್ರ ಕಾಯ್ದೆ ಇದೆ. ನೋಂದಾಯಿತ ಚೀಟಿಗಳ ಮೇಲೆ ಚೀಟಿ ನಿಬಂಧಕರ ಕಣ್ಣಿರುತ್ತದೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಮೋಸ ಹೆಚ್ಚಾಗಿ ಆಗುವುದು ಬಾಯಿಮಾತಿನ ಚೀಟಿಯಲ್ಲಿ. ನಡೆಸುವವರು ಊರು ಬಿಟ್ಟರೆ ಕಟ್ಟಿದವರ ಕೈಯಲ್ಲಿ ಒಂದು ರಸೀದಿಯೂ ಇರುವುದಿಲ್ಲ.

ಹಾಗೆಂದು ಚೀಟಿ ಎಲ್ಲರಿಗೂ ಲಾಭವೂ ಅಲ್ಲ. 20 ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ ಎನ್ನೋಣ. ಮೊದಲ ತಿಂಗಳುಗಳಲ್ಲಿ 30,000 ಬಿಟ್ಟು ಕೂಗಿದವರಿಗೆ 70,000 ಸಿಗುತ್ತದೆ. ನಡೆಸುವವರ ಕಮಿಷನ್ 5,000 ಕಳೆದು ಉಳಿದ 25,000 ಹಂಚಿದರೆ ತಲೆಗೆ 1,250. ಬೇಗ ಎತ್ತಿದವರು ನಿಜಕ್ಕೂ ಸಾಲ ಮಾಡಿರುತ್ತಾರೆ, ಕೊನೆವರೆಗೆ ಕಾದವರು ಉಳಿಸಿರುತ್ತಾರೆ. ಎರಡರಲ್ಲಿ ತಾವು ಯಾವುದಕ್ಕೆ ಸೇರುತ್ತಿದ್ದೇವೆ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಚೀಟಿ ಒಳ್ಳೆಯ ಸಾಧನ.

ತಪ್ಪು ಕಲ್ಪನೆ 4: "ಮೂರು ರೂಪಾಯಿ ಬಡ್ಡಿ ತಾನೇ, ತೀರಿಸಿದರಾಯ್ತು."

ಸತ್ಯ: ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ. 36. ಐದು ರೂಪಾಯಿ ಎಂದರೆ ಶೇ. 60. ಮೂರು ರೂಪಾಯಿಯಂತೆ 20,000 ತಂದವರು ವರ್ಷಕ್ಕೆ 7,200 ಬಡ್ಡಿ ಕಟ್ಟಿದ ಮೇಲೂ ಅಸಲು ಹಾಗೆಯೇ ಕೂತಿರುತ್ತದೆ.

ದಿನದ ವಸೂಲಿಯ ಸಾಲ ಇನ್ನೂ ಮೋಸದ ಲೆಕ್ಕ. ಹತ್ತು ಸಾವಿರದಲ್ಲಿ ಮೊದಲೇ ಒಂದು ಸಾವಿರ ಹಿಡಿದು ಒಂಬತ್ತು ಕೊಡುತ್ತಾರೆ, ನೂರು ದಿನ ದಿನಕ್ಕೆ ನೂರು ಕಟ್ಟಿಸಿಕೊಳ್ಳುತ್ತಾರೆ. ಕೇಳುವಾಗ ಶೇ. 10 ಅನ್ನಿಸುತ್ತದೆ. ಅಸಲು ದಿನದಿನಕ್ಕೂ ಕಡಿಮೆಯಾಗುತ್ತಿರುವುದನ್ನು ಲೆಕ್ಕಕ್ಕೆ ಹಿಡಿದರೆ ವರ್ಷದ ಬಡ್ಡಿ ಶೇ. 80ರ ಹತ್ತಿರ.

ಆದ್ದರಿಂದ ಕೈಸಾಲ ಇರುವವರಿಗೆ ಮೊದಲ ಉಳಿತಾಯ ಆ ಸಾಲ ತೀರಿಸುವುದೇ. ಆಸ್ಪತ್ರೆ ಖರ್ಚಿಗೆಂದು ಒಂದೆರಡು ಸಾವಿರ ಬದಿಗಿಟ್ಟು ಮಿಕ್ಕದ್ದನ್ನು ಅಸಲಿಗೆ ಹಾಕಬೇಕು. ಒಡವೆ ಇದ್ದರೆ ಗಿರವಿ ಅಂಗಡಿಗಿಂತ ಸರ್ಕಾರಿ ಬ್ಯಾಂಕು ವಾಸಿ. ಅಲ್ಲಿನ ಚಿನ್ನದ ಸಾಲ ಸಾಮಾನ್ಯವಾಗಿ ಒಂದು ರೂಪಾಯಿ ಬಡ್ಡಿಗಿಂತಲೂ ಕಡಿಮೆ.

ಮೈಕ್ರೋಫೈನಾನ್ಸ್ ಸಾಲಕ್ಕೂ ರಿಸರ್ವ್ ಬ್ಯಾಂಕಿನ 2022ರ ನಿಯಮಗಳಿವೆ. ಅಡಮಾನ ಕೇಳುವಂತಿಲ್ಲ, ಕುಟುಂಬದ ಎಲ್ಲ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ, ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕಾಡುವಂತಿಲ್ಲ. ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ತನ್ನದೇ ಕಾನೂನನ್ನೂ ತಂದಿದೆ.

ತಪ್ಪು ಕಲ್ಪನೆ 5: "ಕೆಲಸ ಬಿಟ್ಟ ತಕ್ಷಣ ಪಿಎಫ್ ತೆಗೆದುಬಿಡಬೇಕು, ಇಲ್ಲದಿದ್ದರೆ ಹೋದಂತೆ."

ಸತ್ಯ: ಈ ಭಯಕ್ಕೆ ಕಾರಣವಿದೆ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಬಾರದೆಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗಿಳಿದರು. ಎರಡನೇ ದಿನವೇ ಕೇಂದ್ರ ಆ ನಿಯಮ ಕೈಬಿಟ್ಟಿತು. ಮಗಳ ಮದುವೆಗೂ ಊರಿನ ಮನೆಗೂ ಅದೊಂದೇ ಗಂಟು ಎಂದವರ ಮಾತು ಸರಿಯೇ ಇತ್ತು.

ಆದರೆ ಫ್ಯಾಕ್ಟರಿ ಬದಲಿಸಿದಾಗಲೆಲ್ಲ ಪೂರ್ತಿ ತೆಗೆದರೆ ನಷ್ಟ ಎರಡು ಕಡೆ. 2024–25ನೇ ಸಾಲಿಗೆ ಪಿಎಫ್ ಬಡ್ಡಿ ಶೇ. 8.25, ಅಂಚೆ ಆರ್‌ಡಿಗಿಂತ ಜಾಸ್ತಿ. ಎರಡನೆಯದು ಪಿಂಚಣಿ. ಒಟ್ಟು ಹತ್ತು ವರ್ಷ ಸೇವೆಯಾದವರಿಗೆ 58ರ ನಂತರ ಪಿಂಚಣಿ ಸಿಗುತ್ತದೆ. ಪಿಂಚಣಿ ಪಾಲನ್ನೂ ತೆಗೆದುಕೊಂಡವರ ವರ್ಷಗಳ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಕೆಲಸ ಬದಲಾದರೂ ಯುಎಎನ್ ಸಂಖ್ಯೆ ಬದಲಾಗುವುದಿಲ್ಲ. ಹೊಸ ಕಡೆ ಅದನ್ನೇ ಕೊಟ್ಟು ಹಣ ವರ್ಗಾಯಿಸಿಕೊಳ್ಳಬೇಕು. ಹೊಸ ಸಂಖ್ಯೆ ಮಾಡಿಸಿದರೆ ಗೋಜಲು.

ತಪ್ಪು ಕಲ್ಪನೆ 6: "ವಿಮೆ ಕಟ್ಟಿದ್ದು ವಾಪಸ್ ಬರಲ್ಲ, ದಂಡ."

ಸತ್ಯ: ಕುಟುಂಬದ ಉಳಿತಾಯವೆಲ್ಲ ಒಂದೇ ಏಟಿಗೆ ಕರಗುವುದು ದುಡಿಯುವವರು ಬಿದ್ದಾಗ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಸುರಕ್ಷಾ ಬಿಮಾ ಅಪಘಾತದಲ್ಲಿ ಸತ್ತರೆ 2 ಲಕ್ಷ ಕೊಡುತ್ತದೆ. 436 ರೂಪಾಯಿಯ ಜೀವನ ಜ್ಯೋತಿಯಲ್ಲಿ ಯಾವ ಕಾರಣಕ್ಕೆ ಸತ್ತರೂ 2 ಲಕ್ಷ. ಇದಕ್ಕೆ 50 ವರ್ಷದೊಳಗೆ ಸೇರಬೇಕು, ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ. ಎರಡರ ವರ್ಷವೂ ಜೂನ್ 1ಕ್ಕೆ ಶುರು. ಮೇ ಕೊನೆಯಲ್ಲಿ ಖಾತೆಯಲ್ಲಿ 456 ರೂಪಾಯಿ ಇಲ್ಲದೆ ರಕ್ಷಣೆ ತಪ್ಪಿಹೋಗಬಹುದು. ವಿಮೆ ಇದೆಯೆಂದು ಮನೆಯವರಿಗೆ ಗೊತ್ತಿಲ್ಲದಿದ್ದರೆ ಕೇಳುವವರೇ ಇರುವುದಿಲ್ಲ.

ತಪ್ಪು ಕಲ್ಪನೆ 7: "ಬುದ್ಧಿ ಹೇಳಿದರೆ ಸಾಕು, ತಾವಾಗಿಯೇ ಉಳಿಸುತ್ತಾರೆ."

ಸತ್ಯ: ಇದು ಉಳ್ಳವರ ಕಲ್ಪನೆ. ಸಂಬಳ ಇಂತಿಷ್ಟೇ ತಾರೀಕಿಗೆ ಬರುತ್ತದೆಂಬ ಖಾತ್ರಿ ಇಲ್ಲದವರಿಗೆ ಬಜೆಟ್ ಪಾಠ ಹೇಳಿ ಫಲವಿಲ್ಲ. ನಿಗದಿತ ದಿನಕ್ಕೆ ಖಾತೆಗೇ ಸಂಬಳ ಹಾಕುವುದು, ರಜೆಗೆ ಕೂಲಿ ಮುರಿಯದಿರುವುದು, ಕಷ್ಟಕ್ಕೆ ಬಡ್ಡಿಯಿಲ್ಲದ ಅಡ್ವಾನ್ಸ್ ಕೊಡುವುದು ಹತ್ತು ಉಪದೇಶಕ್ಕಿಂತ ಹೆಚ್ಚು ಉಳಿಸಿಕೊಡುತ್ತದೆ.

ಪಿಎಫ್, ಇಎಸ್‌ಐ ಇಲ್ಲದ ಮನೆಗೆಲಸದವರಿಗೆ, ತಿಂಗಳ ಆದಾಯ 15,000 ಮೀರದಿದ್ದರೆ, 2019ರ ಶ್ರಮ ಯೋಗಿ ಮಾನ್‌ಧನ್ ಯೋಜನೆ ಇದೆ. 29ನೇ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 100 ಕಟ್ಟಿದರೆ ಕೇಂದ್ರ ಅಷ್ಟನ್ನೇ ಸೇರಿಸುತ್ತದೆ, 60ರ ನಂತರ ತಿಂಗಳಿಗೆ 3,000 ಪಿಂಚಣಿ. ಮೂವತ್ತು ವರ್ಷದ ನಂತರದ 3,000ಕ್ಕೆ ಇಂದಿನ ಬೆಲೆ ಇರುವುದಿಲ್ಲ, ಹಾಗಾಗಿ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಮನೆಗೆಲಸದವರಿಂದ ಕೆಲಸ ಮಾಡಿಸಿಕೊಳ್ಳುವವರು ಆ ನೂರು ರೂಪಾಯಿಯನ್ನೂ, ವರ್ಷದ 456 ರೂಪಾಯಿಯನ್ನೂ ಸಂಬಳದ ಮೇಲೆ ತಾವೇ ಕೊಟ್ಟರೆ ವರ್ಷಕ್ಕೆ ಆಗುವ ಖರ್ಚು 1,656 ರೂಪಾಯಿ. ಬುದ್ಧಿವಾದಕ್ಕೆ ಮುಂಚೆ ಕೊಡಬೇಕಾದದ್ದು ಅದು.